18 ಡಾಲರಿನ ಬರ್ಬನ್, ಹನಿ ನೀರೂ ಬೆರೆಸದೆ

ಹೋದ ದೀಪಾವಳಿಯ ಮರುದಿನ ಸಂಜೆ ನಮ್ಮ ಊಟದ ಮೇಜಿನ ಮೇಲೆ ತಲೆಗೆ ಆರರಂತೆ ಮೂವತ್ತು ಪುಟ್ಟ ಗಾಜಿನ ಲೋಟಗಳಿದ್ದವು. ತಳದಲ್ಲಿ ಅ, ಆ, ಇ, ಈ, ಉ, ಊ ಎಂದು ಬರೆದ ಚೀಟಿ. ಯಾವ ಅಕ್ಷರದಲ್ಲಿ ಯಾವ ಬರ್ಬನ್ (ಮುಖ್ಯವಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ) ಇದೆಯೆಂದು ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ಸುರಿದವಳು ಅವಳು; ಬಾಟಲಿಗಳನ್ನು ಮಹಡಿಯ ಮೇಲಿನ ಕೋಣೆಯಲ್ಲಿಟ್ಟು ಬೀಗ ಹಾಕಿಕೊಂಡು ಬಂದಿದ್ದಳು. ಐವರು ಗೆಳೆಯರಲ್ಲಿ ಮೂವರು ಮೊದಲ ಸ್ಥಾನ ಕೊಟ್ಟದ್ದು 'ಇ' ಲೋಟಕ್ಕೆ. ಅದು ಎವನ್ ವಿಲಿಯಮ್ಸ್ ಬ್ರ್ಯಾಂಡಿನ ಬಿಳಿ ಲೇಬಲ್, 'ಬಾಟಲ್ಡ್ ಇನ್ ಬಾಂಡ್', ಚಿಕ್ಕದಾಗಿ ಬಾಂಡೆಡ್: ಕಾನೂನಿನ ಕಟ್ಟುನಿಟ್ಟಿನಲ್ಲಿ ಮಾಡಿದ ಶೇ. 50ರ ವಿಸ್ಕಿ. ನಾನು ಕೊಟ್ಟದ್ದು 18 ಡಾಲರ್ ಚಿಲ್ಲರೆ. 70 ಡಾಲರ್ ಕೊಟ್ಟು ತಾನೇ ಹೊತ್ತು ತಂದಿದ್ದ ಬಾಟಲಿಯನ್ನು ನನ್ನ ಗೆಳೆಯ ಐದನೆಯದೆಂದು ಬರೆದಿದ್ದ. ಆ ಹಾಳೆ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ.

ಆರೇಳು ವರ್ಷಗಳಿಂದ ಇದೇ ಐವರು ನನಗೆ ಹೇಳುತ್ತಿದ್ದ ಮಾತುಗಳು ಎರಡು. ಅಗ್ಗದ ಬರ್ಬನ್ ಇರುವುದು ಕೋಲಾದಲ್ಲಿ ಮುಳುಗಿಸುವುದಕ್ಕೆ. ಶೇ. 50ರ ಮದ್ಯವನ್ನು ನೀರಿಲ್ಲದೆ ಕುಡಿದರೆ ಗಂಟಲು ಬೆಂದುಹೋಗುತ್ತದೆ. ಎರಡೂ ತಪ್ಪೆಂದು ನನಗೆ ಅನಿಸುತ್ತಿತ್ತು, ಆದರೆ ತೋರಿಸಲು ಆಗಿರಲಿಲ್ಲ. ನಾನು ಹುಡುಕುತ್ತಿದ್ದದ್ದು ಹಬ್ಬದ ಬಾಟಲಿಯಲ್ಲ. 25 ಡಾಲರಿನೊಳಗೆ ಇರಬೇಕು, ಯಾವ ವಾರ ಹೋದರೂ ಅಂಗಡಿಯಲ್ಲಿ ಸಿಗಬೇಕು, ಕೆಲಸ ಮುಗಿಸಿ ಬಂದ ಸಂಜೆ ಒಂದೇ ಒಂದು ಪೆಗ್ಗನ್ನು ಐಸ್ ಇಲ್ಲದೆ, ನೀರಿಲ್ಲದೆ ಅರ್ಧ ಗಂಟೆ ಗುಟುಕರಿಸುವಂತಿರಬೇಕು.

ಸೋಲಿನ ಲೆಕ್ಕ ಮೊದಲು. 2013ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿಗೆ ಬಂದ ಹೊಸತು. ಓಹಾಯೋದಲ್ಲಿ ಗಟ್ಟಿ ಮದ್ಯ ಮಾರಲು ಸರಕಾರದ ಪರವಾನಗಿ ಪಡೆದ ಬೇರೆಯೇ ಅಂಗಡಿಗಳಿವೆ ಎಂಬುದು ನನಗೆ ತಿಳಿದಿರಲಿಲ್ಲ. ದಿನಸಿ ಅಂಗಡಿಯ ಕಪಾಟಿನಿಂದ ಎಂಟು ಡಾಲರಿಗೆ ವಿಸ್ಕಿ ತಂದೆ. ಕುಡಿದರೆ ಸಕ್ಕರೆ ಕರಗಿಸಿದ ನೀರಿನಂತಿತ್ತು. ಲೇಬಲ್ಲಿನ ಮೂಲೆಯಲ್ಲಿ 'ಡೈಲ್ಯೂಟೆಡ್' ಎಂದು ಸಣ್ಣಕ್ಷರದಲ್ಲಿತ್ತು: ಶೇ. 21ಕ್ಕೆ ಇಳಿಸಿದ ಮಾಲು, ದಿನಸಿ ಅಂಗಡಿಗೆ ಮಾರಲು ಅನುಮತಿ ಇರುವುದು ಅಷ್ಟಕ್ಕೇ. ಆಮೇಲಿನ ಒಂದು ವರ್ಷ 80 ಪ್ರೂಫ್‌ನ (ಇಲ್ಲಿ ಪ್ರೂಫ್‌ನ ಅರ್ಧ ಮದ್ಯಸಾರದ ಪ್ರಮಾಣ, ಅಂದರೆ ಶೇ. 40) ಅಗ್ಗದ ಬಾಟಲಿಗಳು. ಮೂಗಿಗೆ ಚೆನ್ನಾಗಿರುತ್ತಿದ್ದವು, ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಐಸ್ ಹಾಕಿದರಂತೂ ಏನೂ ಉಳಿಯುತ್ತಿರಲಿಲ್ಲ.

ಅಲ್ಲಿಂದ ತದ್ವಿರುದ್ಧ ದಿಕ್ಕಿಗೆ ಓಡಿದೆ. ಎಲ್ಲರೂ ಹುಡುಕುತ್ತಿದ್ದ ಗೋಧಿ ಬರ್ಬನ್ (ಮೆಕ್ಕೆಜೋಳದ ಜೊತೆ ಗೋಧಿ ಸೇರಿಸಿದ್ದು) ಒಂದಕ್ಕೆ, ಮೂಲ ಬೆಲೆ 30 ಡಾಲರಿನ ಆಸುಪಾಸು ಇದ್ದದ್ದಕ್ಕೆ, 150 ಡಾಲರ್ ಕೊಟ್ಟೆ. ಕೆಟ್ಟದಾಗಿರಲಿಲ್ಲ. ಆದರೆ ಪ್ರತಿ ಗುಟುಕಿಗೂ ದುಡ್ಡೇ ನೆನಪಾಗುತ್ತಿತ್ತು. ಮತ್ತೆ 'ಸ್ಮಾಲ್ ಬ್ಯಾಚ್' ಎಂಬ ಪದಕ್ಕೆ ಮರುಳಾದೆ. ಅದಕ್ಕೆ ಕಾನೂನಿನಲ್ಲಿ ಯಾವ ಅರ್ಥವೂ ಇಲ್ಲ. ನೂರು ಪೀಪಾಯಿ ಬೆರೆಸಿದರೂ ಹಾಗೆ ಬರೆಯಬಹುದು. ಅಜ್ಜನ ಕಾಲದ ಕಥೆ ಅಚ್ಚು ಹಾಕಿಸಿದ್ದ ಹೊಸ ಬ್ರ್ಯಾಂಡಿನ 55 ಡಾಲರಿನ ಬಾಟಲಿ ತಂದು, ಹಿಂಬದಿಯ ಲೇಬಲ್ ಓದಿದರೆ 'ಇಂಡಿಯಾನಾದಲ್ಲಿ ಬಟ್ಟಿ ಇಳಿಸಿದ್ದು' ಎಂದಿತ್ತು. ಇಂಡಿಯಾನಾದ ಲಾರೆನ್ಸ್‌ಬರ್ಗ್ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಅಲ್ಲಿನ ದೊಡ್ಡ ಡಿಸ್ಟಿಲರಿ ಒಳ್ಳೆಯ ವಿಸ್ಕಿಯನ್ನೇ ಮಾಡುತ್ತದೆ, ಅದನ್ನು ಬೇರೆ ಬೇರೆ ಹೆಸರಿನವರು ಕೊಂಡು ತುಂಬಿಸುತ್ತಾರೆ. ನಾನು ಕಥೆಗೆ 30 ಡಾಲರ್ ಹೆಚ್ಚು ಕೊಟ್ಟಿದ್ದೆ.

ಎಲ್ಲಕ್ಕಿಂತ ಉರಿದದ್ದು ಪೆಟ್ಟಿಗೆಯ ವಿಷಯ. ಅಂಗಡಿಯೊಂದರ ರುಚಿ ನೋಡುವ ಕಟ್ಟೆಯಲ್ಲಿ ಅರ್ಧ ಔನ್ಸ್ ಕುಡಿದು, ಮರುಳಾಗಿ ಆರು ಬಾಟಲಿ ಒಟ್ಟಿಗೆ ಕೊಂಡೆ. ಸುಮಾರು 270 ಡಾಲರ್. ಮೊದಲ ಬಾಟಲಿ ಮುಗಿಯುವ ಮೊದಲೇ ಬೇಸರ ಬಂತು. ಅತಿ ಸಿಹಿ, ಒಂದೇ ರಾಗ. ಉಳಿದ ಐದನ್ನು ಮದುವೆ ಮುಂಜಿಗಳಿಗೆ ಉಡುಗೊರೆ ಕೊಟ್ಟು ಮುಗಿಸಲು ಎರಡು ವರ್ಷ ಹಿಡಿಯಿತು. ಈಗ ಹೊಸದೇನಿದ್ದರೂ ಮೊದಲು 50 ಮಿಲಿಯ ಪುಟ್ಟ ಬಾಟಲಿ, ಎರಡು ಮೂರು ಡಾಲರ್ ಅಷ್ಟೆ. ಒಟ್ಟಾರೆ ಮೊದಲ ಮೂರು ವರ್ಷಗಳಲ್ಲಿ 1,400 ಡಾಲರಿನಷ್ಟು ಕಳೆದಿರಬೇಕು.

ಕೆಲಸಕ್ಕೆ ಬಂದದ್ದು ಮೂರು ಲೋಟದ ಪರೀಕ್ಷೆ. ಎರಡರಲ್ಲಿ ಒಂದೇ ಬರ್ಬನ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದೆಂದು ಕಣ್ಣು ಮುಚ್ಚಿ ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಹನ್ನೆರಡು ಬಾರಿಯಾದರೂ ಮಾಡಬೇಕು. ಒಂದೇ ಡಿಸ್ಟಿಲರಿಯ 25 ಡಾಲರಿನ ಬಾಟಲಿಗೂ 65 ಡಾಲರಿನ ಬಾಟಲಿಗೂ ನಾನು ಗುರುತಿಸಿದ್ದು 12ಕ್ಕೆ 5. ಅಂದರೆ ಗುರುತಿಸಲಿಲ್ಲ. ಆದರೆ 80 ಪ್ರೂಫ್ ಮತ್ತು 100 ಪ್ರೂಫ್ ನಡುವೆ 12ಕ್ಕೆ 11. ನನ್ನ ನಾಲಿಗೆಗೆ ಬೆಲೆ ಗೊತ್ತಾಗುವುದಿಲ್ಲ, ಪ್ರೂಫ್ ಗೊತ್ತಾಗುತ್ತದೆ. ಆ ರಾತ್ರಿ ನನ್ನ ಹುಡುಕಾಟ ಅರ್ಧ ಮುಗಿಯಿತು.

ಪರೀಕ್ಷೆ ಸರಿ ಬರಬೇಕಾದರೆ ಊಟಕ್ಕೆ ಮೊದಲೇ ಮಾಡಬೇಕು. ಹುಳಿ, ಉಪ್ಪಿನಕಾಯಿ ತಿಂದ ನಾಲಿಗೆ ಎರಡು ಗಂಟೆ ಸತ್ತಿರುತ್ತದೆ. ಮೊದಲ ವರ್ಷದ ನನ್ನ ಟಿಪ್ಪಣಿಗಳೆಲ್ಲ ಇದೇ ಕಾರಣಕ್ಕೆ ಕಸವಾದವು. ಲೋಟ ಲೋಟದ ನಡುವೆ ಇಲ್ಲಿಯವರು ಉಪ್ಪಿಲ್ಲದ ಬಿಸ್ಕತ್ತು ತಿನ್ನುತ್ತಾರೆ. ನಾನು ಕಡಲೆಪುರಿ ತಿನ್ನುತ್ತೇನೆ: ಒಗ್ಗರಣೆ ಹಾಕದ, ಖಾರವಿಲ್ಲದ ಬರೀ ಪುರಿ. ಅದರಷ್ಟು ಚೆನ್ನಾಗಿ ಬಾಯಿ ಒರೆಸುವ ತಿನಿಸು ನನಗೆ ಸಿಕ್ಕಿಲ್ಲ. ಮೊದಲ ಗುಟುಕಿಗೆ ಅಂಕ ಕೊಡಬಾರದು, ಅದು ಬಾಯಿಗೆ ಸುದ್ದಿ ಮುಟ್ಟಿಸುವುದಕ್ಕೆ. ಮೂಗನ್ನು ಲೋಟಕ್ಕೆ ತುರುಕದೆ, ಬಾಯಿ ತುಸು ತೆರೆದು ಮೂಸಬೇಕು. 100 ಪ್ರೂಫ್‌ನದನ್ನು ಸುರಿದು ಹತ್ತು ಹನ್ನೆರಡು ನಿಮಿಷ ಹಾಗೇ ಬಿಡಬೇಕು. ಗಂಟಲು ಸುಡುತ್ತದೆ ಎಂದವರು ಯಾರೂ ಈ ಹತ್ತು ನಿಮಿಷ ಕಾದವರಲ್ಲ. ಇನ್ನೊಂದು: ಹೊಸ ಬಾಟಲಿಯ ಮೊದಲ ಪೆಗ್ ನೋಡಿ ತೀರ್ಪು ಕೊಡಬೇಡಿ. ಭುಜದ ಮಟ್ಟಕ್ಕೆ ಇಳಿದು ಎರಡು ಮೂರು ವಾರ ಗಾಳಿ ಸೇರಿದ ಮೇಲೆ ಹಲವು ಬಾಟಲಿಗಳು ಮೃದುವಾಗಿವೆ. ನಾನು ಎರಡೇ ದಿನಕ್ಕೆ ಬೇಡವೆಂದು ಮೂಲೆಗಿಟ್ಟ ವೈಲ್ಡ್ ಟರ್ಕಿ 101 ತಿಂಗಳಾದ ಮೇಲೆ ಬೇರೆಯೇ ವಿಸ್ಕಿಯಾಗಿತ್ತು.

ಈಗ ನನ್ನ ಕಪಾಟು. ಬಿಳಿ ಲೇಬಲ್ ಎವನ್ ವಿಲಿಯಮ್ಸ್ ನಿತ್ಯದ್ದು. ನಾನು ಮದ್ದೂರು ಕಡೆಯವನು, ಆಲೆಮನೆಯ ಪಕ್ಕದಲ್ಲಿ ಬೆಳೆದವನು. ಕೊಪ್ಪರಿಗೆಯಲ್ಲಿ ಪಾಕ ಬೆಲ್ಲಕ್ಕೆ ತಿರುಗುವ ಹೊತ್ತಿಗೆ, ಅಂಚಿನಲ್ಲಿ ಒಂದಿಷ್ಟು ಹತ್ತಿಕೊಂಡಾಗ ಏಳುವ ಆ ಘಮ ನನಗೆ ಈ ಲೋಟದಲ್ಲಿ ಸಿಗುತ್ತದೆ. 'ಕ್ಯಾರಮೆಲ್' ಎಂದು ಬರೆಯುವವರು ಆಲೆಮನೆ ನೋಡಿಲ್ಲ. ವೈಲ್ಡ್ ಟರ್ಕಿ 101 ಚಳಿಗಾಲಕ್ಕೆ. ಪೀಪಾಯಿಯ ಒಳಮೈಯನ್ನು ಮೊಸಳೆಯ ಚರ್ಮದಂತೆ ಬಿರಿಯುವವರೆಗೆ ಸುಡುತ್ತಾರೆ. ದಾಲ್ಚಿನ್ನಿಯ ಖಾರ, ಸುಟ್ಟ ಮರದ ಒಗರು ಎರಡೂ ಉಂಟು. ಅಲ್ಲಿನ ಹಿರಿಯ ವಿಸ್ಕಿ ತಯಾರಕ ಜಿಮ್ಮಿ ರಸೆಲ್ ಕೆಲಸಕ್ಕೆ ಸೇರಿದ್ದು 1954ರಲ್ಲಿ, ಮಗ ಮತ್ತು ಮೊಮ್ಮಗನೂ ಅದೇ ಮನೆಯಲ್ಲಿ ವಿಸ್ಕಿ ಮಾಡುತ್ತಿದ್ದಾರೆ. ಆ ಡಿಸ್ಟಿಲರಿ ಇರುವುದು ಕೆಂಟಕಿಯ ಲಾರೆನ್ಸ್‌ಬರ್ಗ್‌ನಲ್ಲಿ. ಇಂಡಿಯಾನಾದ್ದರೊಂದಿಗೆ ಗೊಂದಲ ಬೇಡ. ಓಲ್ಡ್ ಗ್ರ್ಯಾಂಡ್-ಡ್ಯಾಡ್ ಬಾಂಡೆಡ್ ರೈ ಎಂಬ ಧಾನ್ಯ ಹೆಚ್ಚಿರುವುದು, ಮೆಣಸಿನ ಚುರುಕು, ಹಿಂದಿನಿಂದ ಹುರಿದ ಕಡಲೆಕಾಯಿ. ಅದೇ ಜಿಮ್ ಬೀಮ್ ಮನೆಯ ಬೇಸಿಲ್ ಹೇಡನ್ ಕೂಡ ರೈ ಹೆಚ್ಚಿರುವುದೇ, 80 ಪ್ರೂಫ್, ಬೆಲೆ ಹೆಚ್ಚುಕಡಿಮೆ ಎರಡರಷ್ಟು. ಓಲ್ಡ್ ಗ್ರ್ಯಾಂಡ್-ಡ್ಯಾಡ್ ಲೇಬಲ್ ಮೇಲಿನ ಅಜ್ಜನೇ ಬೇಸಿಲ್ ಹೇಡನ್. ನನಗೆ ಅಜ್ಜನ ಚಿತ್ರವೇ ಸಾಕು. ಓಲ್ಡ್ ಫಾರೆಸ್ಟರ್ 100 ನನಗೆ ಬಹಳ ಇಷ್ಟ, ಆದರೆ ನಮ್ಮಲ್ಲಿ 25 ದಾಟಿದೆ. ನಿಯಮ ನಿಯಮವೇ, ಅದು ಹುಟ್ಟುಹಬ್ಬಗಳಿಗೆ ಮಾತ್ರ.

ಬಾಂಡೆಡ್ ಎಂಬ ಪದವನ್ನು ನಾನು ನಂಬುವುದಕ್ಕೆ ಕಾರಣವಿದೆ. ಅಮೆರಿಕದ 1897ರ ಕಾಯ್ದೆಯ ಪ್ರಕಾರ ಅದು ಒಂದೇ ಡಿಸ್ಟಿಲರಿಯ, ಒಂದೇ ಹಂಗಾಮಿನ, ಕನಿಷ್ಠ ನಾಲ್ಕು ವರ್ಷದ, ಸರಿಯಾಗಿ 100 ಪ್ರೂಫ್‌ನ ಮಾಲು. ಲೇಬಲ್ಲಿನಲ್ಲಿ ಕಥೆ ಏನೇ ಇರಲಿ, ಬಟ್ಟಿ ಇಳಿಸಿದ್ದು ಎಲ್ಲಿ ಎಂದು ಹೇಳಲೇಬೇಕು. ಡಿಸ್ಟಿಲರಿಯ ನೋಂದಣಿ ಸಂಖ್ಯೆ ಡಿಎಸ್‌ಪಿ-ಕೆವೈ-1 ಎಂದಿದ್ದರೆ ಅದು ಲೂಯಿವಿಲ್‌ನ ಹೆವನ್ ಹಿಲ್ ಡಿಸ್ಟಿಲರಿ, ಅಂದರೆ ನನ್ನ ಬಿಳಿ ಲೇಬಲ್ಲಿನ ತವರು. ಕೆಳಗಿನ ಸಾಲಿನಲ್ಲಿ ಧೂಳು ಹಿಡಿದಿರುವ ಅಪರಿಚಿತ ಹೆಸರಿನ ಬಾಂಡೆಡ್ ಬಾಟಲಿಯನ್ನು ಕೈಗೆತ್ತಿಕೊಂಡು ಮೊದಲು ಈ ಸಂಖ್ಯೆ ನೋಡುತ್ತೇನೆ. ಹೀಗೆ 16 ಡಾಲರಿಗೆ ಸಿಕ್ಕ ಒಂದು ಬಾಟಲಿ ನನ್ನ ಪಟ್ಟಿಯಲ್ಲಿ ಮೂರನೆಯದು. ಅದರ ಹೆಸರು ಹೇಳುವುದಿಲ್ಲ. ಸಿನ್ಸಿನಾಟಿಯ ಪಕ್ಕದಲ್ಲೇ ಇರುವ ಕೆಂಟಕಿಯ ನಮ್ಮ ಫ್ಲಾರೆನ್ಸ್ ಊರಿನ ಅಂಗಡಿಗೆ ತಿಂಗಳಿಗೆ ಒಂದೇ ಪೆಟ್ಟಿಗೆ ಬರುತ್ತದೆ.

ದಾರಿಯಲ್ಲಿ ಅಡ್ಡ ಪ್ರಯೋಗಗಳೂ ಆದವು. ಸುಟ್ಟ ಓಕ್ ಕಡ್ಡಿಗಳನ್ನು ಕೊಂಡು 80 ಪ್ರೂಫ್‌ನ ಬರ್ಬನ್ನಿಗೆ ಹಾಕಿ ಗ್ಯಾರೇಜಿನಲ್ಲಿಟ್ಟೆ. ಮೂರು ವಾರಕ್ಕೆ ಸೌದೆಯ ಕಷಾಯ. ಕೆಂಟಕಿಯ ಗೋದಾಮಿನಲ್ಲಿ ಬೇಸಗೆಗೆ ವಿಸ್ಕಿ ಮರದೊಳಗೆ ಹೋಗಿ ಚಳಿಗೆ ಹೊರಬರುತ್ತದೆ, ಅದು ವರ್ಷಗಳ ಕೆಲಸ, ಕಡ್ಡಿಯಿಂದ ಆಗುವುದಲ್ಲ. ಕಾಫಿಯ ಸ್ಟೀಲ್ ಲೋಟದಲ್ಲಿಯೂ ಕುಡಿದು ನೋಡಿದೆ. ಅಗಲ ಬಾಯಿ, ಘಮವೆಲ್ಲ ಹಾರಿಹೋಗುತ್ತದೆ. ಬಾಯಿ ಕಿರಿದಾದ ಗಾಜೇ ಸರಿ. ಬೆರೆಸುವುದು ಮಾತ್ರ ಫಲ ಕೊಟ್ಟಿತು. ವೈಲ್ಡ್ ಟರ್ಕಿ 101ಕ್ಕೆ ಒಂದು ಗೋಧಿ ಬರ್ಬನ್ ಬೆರೆಸಿ ಆರು ವಾರ ಕತ್ತಲಲ್ಲಿಟ್ಟದ್ದು ಎರಡಕ್ಕಿಂತಲೂ ಮೇಲಾಗಿ ಬಂತು. ಗೋಧಿಯದು ಯಾವುದು, ಪ್ರಮಾಣ ಎಷ್ಟು ಎಂಬುದು ನನ್ನಲ್ಲೇ ಇರಲಿ. ಹನ್ನೊಂದು ಸಲ ಕೆಡಿಸಿ ಕಂಡುಕೊಂಡದ್ದು.

ಊರಿಗೆ ಹೋಗುವಾಗಿನ ಮಾತು ಬೇರೆ. ಭಾರತಕ್ಕೆ ಸುಂಕವಿಲ್ಲದೆ ಒಯ್ಯಬಹುದಾದದ್ದು ಎರಡು ಲೀಟರ್. 750 ಮಿಲಿಯ ಎರಡು ಬಾಟಲಿ ಒಯ್ದರೆ ಅರ್ಧ ಲೀಟರ್ ವ್ಯರ್ಥ. ಅರ್ಲಿ ಟೈಮ್ಸ್ ಬಾಂಡೆಡ್ ಒಂದು ಲೀಟರಿನ ಬಾಟಲಿಯಲ್ಲಿ ಬರುತ್ತದೆ, ನಾನು ಕೊಟ್ಟದ್ದು 23 ಡಾಲರಿನ ಆಸುಪಾಸು. ಎರಡು ಬಾಟಲಿಗೆ ಲೆಕ್ಕ ಸರಿಹೋಯಿತು. ಮೈಸೂರಿನ ಭಾವಮೈದುನ '100 ಪ್ರೂಫ್' ಎಂಬುದನ್ನು ನೋಡಿ ಹೆದರಿ ಪಕ್ಕಕ್ಕಿಟ್ಟ. ತಪ್ಪು ಅವನದಲ್ಲ. ನಮ್ಮ ಊರಿನ ಬಾಟಲಿಯ ಮೇಲಿನ 75 ಪ್ರೂಫ್ ಹಳೆಯ ಬ್ರಿಟಿಷ್ ಅಳತೆ, ಅದು ಶೇ. 42.8. ಆ ಅಳತೆಯಲ್ಲಿ 100 ಎಂದರೆ ಶೇ. 57. ಅಮೆರಿಕದ 100 ಪ್ರೂಫ್ ಎಂದರೆ ಶೇ. 50. ವಿವರಿಸಿ, ಹತ್ತು ನಿಮಿಷ ಕಾಯಿಸಿ ಕೊಟ್ಟೆ. ಎರಡನೆಯ ಗುಟುಕಿಗೆ ಅವನು ಬಾಳೆಹಣ್ಣಿನ ವಾಸನೆ ಎಂದ. ನಾನು ಬಾಯಿ ಬಿಟ್ಟಿರಲಿಲ್ಲ. ನನ್ನ ಟಿಪ್ಪಣಿಯಲ್ಲೂ ಅದೇ ಇತ್ತು.

ದುಡ್ಡಿನ ಲೆಕ್ಕಕ್ಕೆ ಬಂದರೆ, 750 ಮಿಲಿಗೆ 45ರಂತೆ ಹದಿನಾರು ಪೆಗ್, ಉಳಿದ 30 ಮಿಲಿ ಪರೀಕ್ಷೆಗೆ. ಪೆಗ್ಗಿಗೆ ಒಂದು ಡಾಲರ್ ಹದಿನೈದು ಸೆಂಟ್. ಇದೇ ವಿಸ್ಕಿಗೆ ಬಾರಿನಲ್ಲಿ ಎಂಟರಿಂದ ಹತ್ತು. ವಾರಕ್ಕೆ ನಾಲ್ಕು ಸಂಜೆ, ಸಂಜೆಗೆ ಒಂದೇ ಪೆಗ್. ನಾಲ್ಕು ವಾರಕ್ಕೆ ಸರಿಯಾಗಿ ಒಂದು ಬಾಟಲಿ. ಶೇ. 40ರ ಬಾಟಲಿಯಲ್ಲಿ ಇರುವುದಕ್ಕಿಂತ ಶೇ. 50ರದರಲ್ಲಿ ಕಾಲು ಪಾಲು ಹೆಚ್ಚು ಮದ್ಯಸಾರ ಇರುತ್ತದೆ, ಅಂದರೆ ನನ್ನ 18 ಡಾಲರಿನದು ನಿಜವಾಗಿ 14 ಡಾಲರಿನ ಬಾಟಲಿ. ವರ್ಷಕ್ಕೆ ಪುಟ್ಟ ಬಾಟಲಿಗಳೂ ಸೇರಿ 300 ಡಾಲರ್ ದಾಟಿಲ್ಲ.

70 ಡಾಲರಿನ ಗೆಳೆಯ ಕಳೆದ ತಿಂಗಳು ಬಿಳಿ ಲೇಬಲ್ ಎರಡು ಬಾಟಲಿ ಕೊಂಡ. ಕೊಂಡವನು ಈಗ ಹೊಸ ತಕರಾರು ತೆಗೆದಿದ್ದಾನೆ: ಮೊದಲಿನಷ್ಟು ಚೆನ್ನಾಗಿಲ್ಲ, ಇತ್ತೀಚಿನದು ತೆಳುವಾಗಿದೆ ಎಂದು. ನನ್ನ ಬಳಿ ನಾಲ್ಕು ವರ್ಷದ ಹಿಂದೆ ಕೊಂಡು ತೆರೆಯದೆ ಇಟ್ಟ ಒಂದು ಬಾಟಲಿ ಇತ್ತು. ಮೊನ್ನೆ ಅದನ್ನೂ ಈ ವರ್ಷದ್ದನ್ನೂ ಒಂದೇ ದಿನ ತೆರೆದು, ಒಂದೇ ಮಟ್ಟಕ್ಕೆ ಇಳಿಸಿ ಇಟ್ಟಿದ್ದೇನೆ. ಮೂರು ವಾರ ಕಳೆಯಲಿ. ಚೀಟಿಗಳು ಸಿದ್ಧವಾಗಿವೆ, ಹೆಂಡತಿ ಒಪ್ಪಿದ್ದಾಳೆ, ಕಡಲೆಪುರಿ ತರುವುದೊಂದು ಬಾಕಿ.