ತೂಕ ಕಮ್ಮಿ ಇದ್ದರೂ ಕ್ಲಾಸ್ ಎ ಲೈಸೆನ್ಸ್ ಕೇಳಿದ್ದು ಯಾಕೆ: ನನ್ನ ಅನುಭವ

ಟೆಕ್ಸಾಸ್‌ನಲ್ಲಿ ಪಿಕಪ್‌ಗೆ ಟ್ರೇಲರ್ ಸಿಕ್ಕಿಸಿ ಸಣ್ಣ ಲೋಡರ್ ಸಾಗಿಸುತ್ತೇನೆ. ಎರಡು ಸಲ ತಪಾಸಣೆಯಲ್ಲಿ ತಡೆದು, ಕ್ಲಾಸ್ ಎ ಕಮರ್ಷಿಯಲ್ ಲೈಸೆನ್ಸ್ (ಭಾರಿ ಟ್ರೇಲರ್ ಎಳೆಯುವವರ ಲೈಸೆನ್ಸ್) ಬೇಕು ಅಂದರು. ತೂಕ ಹಾಕಿಸಿದರೆ ಎಲ್ಲ ಸೇರಿ 18,000 ಪೌಂಡ್ ಅಷ್ಟೇ.

ತೂಕದ ಚೀಟಿ ತೋರಿಸಿದೆ, ಆಗಲಿಲ್ಲ. ಟ್ರೇಲರ್ ಖಾಲಿ ಎಳೆದೆ, ಅದೇ ಉತ್ತರ.

ಕೊನೆಗೆ ಗಾಡಿ ತಯಾರಕರು ಅಂಟಿಸಿರುವ ತೂಕದ ಪಟ್ಟಿ ಓದಿದೆ. ಪಿಕಪ್‌ನದ್ದು ಡ್ರೈವರ್ ಬಾಗಿಲ ಚೌಕಟ್ಟಿನ ಮೇಲಿದೆ. ಟ್ರೇಲರ್‌ನದ್ದು ಮುಂದೆ ಎಡಗಡೆ, ಕೆಸರು ಮೆತ್ತಿಕೊಂಡಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಅಂಕಿ ಕಂಡಿತು. ಎರಡರಲ್ಲೂ ‘ಜಿವಿಡಬ್ಲ್ಯುಆರ್’, ಅಂದರೆ ಹೇರು ಸೇರಿ ಗಾಡಿ ಇರಬಹುದಾದ ಗರಿಷ್ಠ ತೂಕ, 14,000 ಪೌಂಡ್. ಕೂಡಿದರೆ 28,000. ನಿಯಮ ನೋಡುವುದು ಈ ಗರಿಷ್ಠ ತೂಕವನ್ನೇ. ಹೇರಿದ ತೂಕ ಅದಕ್ಕಿಂತ ಜಾಸ್ತಿಯಾದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಒಟ್ಟು 26,001 ಮುಟ್ಟಬೇಕು, ಜೊತೆಗೆ ಟ್ರೇಲರ್ ಒಂದೇ 10,000 ದಾಟಬೇಕು. ಎರಡೂ ಸೇರಿದರೆ ಕ್ಲಾಸ್ ಎ.

ಪಿಕಪ್ ಹಾಗೇ ಇಟ್ಟುಕೊಂಡೆ. ಟ್ರೇಲರ್ ಮಾರಿ, ಪಟ್ಟಿಯಲ್ಲಿ 9,990 ಇರುವುದನ್ನು ತಗೊಂಡೆ. ಅದು ಖಾಲಿ 2,800, ಲೋಡರ್ 6,000, ಮಿತಿಯೊಳಗೇ ಇದೆ. ಕೊಳ್ಳುವ ಮುಂಚೆ ಪಟ್ಟಿಯ ಫೋಟೋ ತರಿಸಿಕೊಳ್ಳಿ, ಬಾಯಿಮಾತು ನಂಬಬೇಡಿ. ಮೆಡಿಕಲ್ ಕಾರ್ಡ್ (ಡ್ರೈವರ್ ಆರೋಗ್ಯ ತಪಾಸಣೆಯ ಪ್ರಮಾಣಪತ್ರ) ಮಾತ್ರ ಬಿಡುವ ಹಾಗಿಲ್ಲ: ಕೆಲಸಕ್ಕೆ ರಾಜ್ಯ ದಾಟುವುದಾದರೆ ಒಟ್ಟು 10,001ರಿಂದಲೇ ಅದು ಬೇಕು.