ಸೇವಾಸಂಸ್ಥೆಗಳಿಗೆ ತಾಂತ್ರಿಕ ನೆರವು: ಪಾಲಿಸಬೇಕಾದ ಕ್ರಮಗಳು

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಸೇವಾಸಂಸ್ಥೆಗಳಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವರು, ಸಂಬಳ ಪಡೆಯುವವರಾಗಲಿ ಸ್ವಯಂಸೇವಕರಾಗಲಿ, ತಾವು ಬಿಟ್ಟುಹೋದ ಮರುದಿನವೂ ಸಂಸ್ಥೆಯ ಕೆಲಸ ನಿಲ್ಲದಂತೆ ವ್ಯವಸ್ಥೆ ಮಾಡಬೇಕು. ವೆಬ್‌ಸೈಟಿನ ಡೊಮೈನ್ (ವಿಳಾಸ), ಇಮೇಲ್, ದೇಣಿಗೆಯ ಯುಪಿಐ ಖಾತೆ ಇವೆಲ್ಲವೂ ಸಂಸ್ಥೆಯ ಹೆಸರಿನಲ್ಲಿಯೇ, ಸಂಸ್ಥೆಯ ಮೊಬೈಲ್ ಸಂಖ್ಯೆಗೇ ಜೋಡಣೆಯಾಗಿರಲಿ. ನೆರವಿಗೆ ಬಂದಿದ್ದ ಯುವಕನು ಉದ್ಯೋಗ ಸಿಕ್ಕಿ ಗಲ್ಫಿಗೆ ಹೋದ ಬಳಿಕವೂ ಓಟಿಪಿ ಅವನ ಫೋನಿಗೇ ಬರುತ್ತಿದ್ದರೆ, ಸಂಸ್ಥೆಯು ತನ್ನದೇ ಖಾತೆಗಾಗಿ ಅವನ ಕರೆಯನ್ನು ಕಾಯಬೇಕಾಗುತ್ತದೆ.

ಮಾಹಿತಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರ ಪರಿಣಾಮವನ್ನು ಎಣ್ಮಕಜೆಯಂತಹ ಪಂಚಾಯತುಗಳು ಇಂದಿಗೂ ಅನುಭವಿಸುತ್ತಿವೆ. ಅಲ್ಲಿ ಕೆಲಸ ಮಾಡುವ ಸಂಸ್ಥೆಯೊಂದರ ಕಡತದಲ್ಲಿ ಮಗುವಿನ ಕಾಯಿಲೆ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವೂ ಒಂದೇ ಸಾಲಿನಲ್ಲಿರುತ್ತವೆ. ಆ ಎಕ್ಸೆಲ್ ಹಾಳೆಯನ್ನು ಅನುಕೂಲಕ್ಕೆಂದು ವಾಟ್ಸ್‌ಆಪ್ ಗುಂಪಿಗೆ ಹಾಕಿದರೆ, ಊರಿನವರಿಗೆ ತಿಳಿದ ಆ ಕಾಯಿಲೆಯ ಸುದ್ದಿಯು ಮಗುವಿನ ಅಕ್ಕನ ಮದುವೆಯ ಮಾತುಕತೆಗೂ ಅಡ್ಡಬರಬಹುದು. ಆದ್ದರಿಂದ ಕಾಯಿಲೆಯ ವಿವರವನ್ನು ಬೇರೆ ಕಡತದಲ್ಲಿಟ್ಟು, ಅಗತ್ಯವಿರುವ ಇಬ್ಬರು ಮೂವರಿಗಷ್ಟೇ ಅದನ್ನು ತೆರೆಯುವ ಅವಕಾಶ ಕೊಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಹೆತ್ತವರ ಅಥವಾ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಆ ಒಪ್ಪಿಗೆಯ ಪತ್ರವು ಮನೆಯವರು ಓದಬಲ್ಲ ಭಾಷೆಯಲ್ಲಿರಬೇಕು. ಕನ್ನಡ ಮಾತ್ರ ಬಲ್ಲ ತಾಯಿಯಿಂದ ಮಲಯಾಳ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಅದನ್ನು ಒಪ್ಪಿಗೆ ಎನ್ನಲಾಗದು.

ಹೆಸರುಗಳನ್ನು ದಾಖಲಿಸುವಾಗಲೂ ನಮ್ಮ ಗಡಿನಾಡಿನ ಸ್ಥಿತಿಯನ್ನು ಗಮನಿಸಬೇಕು. ಒಬ್ಬರದೇ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ ಇರುವುದುಂಟು. ಎರಡನ್ನೂ ಇದ್ದಂತೆಯೇ ಬರೆದುಕೊಳ್ಳಿ, ನಿಮಗೆ ಸರಿಕಂಡಂತೆ ತಿದ್ದಬೇಡಿ. ಹಳೆಯ ‘ನುಡಿ’ ಅಥವಾ ‘ಬರಹ’ ಫಾಂಟಿನಲ್ಲಿರುವ ಪಟ್ಟಿಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದರಿಂದ ಅವುಗಳನ್ನು ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯುನಿಕೋಡಿಗೆ ಬದಲಾಯಿಸಿ. ಬದಲಾಯಿಸಿದ ಮೇಲೆ ಅರ್ಕಾವೊತ್ತು ಇರುವ ಹೆಸರುಗಳನ್ನು ಮೂಲದೊಂದಿಗೆ ಒಂದೊಂದಾಗಿ ಹೋಲಿಸಿ ನೋಡಿ, ಏಕೆಂದರೆ ತಪ್ಪುಗಳು ಅಲ್ಲಿಯೇ ಹೆಚ್ಚು.

ಸಂಸ್ಥೆಗೆ ಕಂಪ್ಯೂಟರ್, ಸಾಫ್ಟ್‌ವೇರ್ ಕೊಡಿಸುವಾಗ ಅಂಗಡಿಯಿಂದ ಕಮಿಷನ್ ಪಡೆಯಬೇಡಿ. ನಲವತ್ತು ಮನೆಗಳಿಗೆ ಅಕ್ಕಿ, ಔಷಧಿ ತಲುಪಿಸುವ ಸಂಸ್ಥೆಗೆ ರಿಜಿಸ್ಟರ್ ಪುಸ್ತಕವೇ ಸಾಕಾಗುತ್ತಿದ್ದರೆ ಹಾಗೆಂದು ಹೇಳಿ. ಬೇಡದ ಸಾಫ್ಟ್‌ವೇರನ್ನು ಬೇಡವೆನ್ನುವುದೂ ನಮ್ಮ ಕೆಲಸದ ಭಾಗವೆಂದು ನಾನು ದೃಢವಾಗಿ ನಂಬಿದ್ದೇನೆ.

ತುಲಾ ತಿಂಗಳ ಗುಡುಗು ಸಿಡಿಲಿಗೆ ಕಂಪ್ಯೂಟರ್, ಮೋಡೆಮ್ ಸುಟ್ಟುಹೋಗುವ ಊರು ನಮ್ಮದು. ಸಂಜೆ ಕಚೇರಿ ಮುಚ್ಚುವಾಗ ಪ್ಲಗ್ಗಿನ ಜೊತೆಗೆ ಇಂಟರ್‌ನೆಟ್ ಕೇಬಲನ್ನೂ ತೆಗೆದಿಡುವ ರೂಢಿ ಮಾಡಿಸಿ. ಕಡತಗಳ ಒಂದು ಪ್ರತಿಯನ್ನು, ಪಾಸ್‌ವರ್ಡ್ ಹಾಕಿ ಭದ್ರಪಡಿಸಿದ ಹಾರ್ಡ್‌ಡಿಸ್ಕಿನಲ್ಲಿ, ಕಚೇರಿಯಿಂದ ದೂರದ ಇನ್ನೊಂದು ಕಟ್ಟಡದಲ್ಲಿಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಆ ಪ್ರತಿಯಿಂದ ಒಂದು ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯಲು ಕಾರ್ಯದರ್ಶಿಗೆ ಹೇಳಿ, ನೀವು ಪಕ್ಕದಲ್ಲಿ ಕುಳಿತು ಕೈಹಾಕದೆ ನೋಡಿ. ಅವರು ಎಲ್ಲಿ ತಡವರಿಸಿದರೋ ಆ ಹಂತವನ್ನು ಕನ್ನಡದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ.