ಲಂಡನ್‌ಗೆ ಹೊರಟವರು ಟಿಕೆಟ್‌ನಲ್ಲಿರುವ ಟೈಮ್ ಹೀಗೆ ಲೆಕ್ಕ ಹಾಕಿ

ತುಮಕೂರಿನಿಂದ ಅಪ್ಪ ಅಮ್ಮನನ್ನು ಮಕ್ಕಳ ಹತ್ತಿರ ಕಳಿಸುವವರು ನಮ್ಮ ಗ್ರೂಪ್‌ನಲ್ಲಿ ಜಾಸ್ತಿ ಇದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಚಳಿಗಾಲದ ಟಿಕೆಟ್‌ನಲ್ಲಿ ಮಧ್ಯಾಹ್ನ 1ಕ್ಕೆ ಬೆಂಗಳೂರು ಬಿಟ್ಟು ಸಂಜೆ 6ಕ್ಕೆ ಲಂಡನ್ ಅಂತ ಇದ್ದರೆ ಐದೇ ಗಂಟೆ ಅನ್ನಿಸುತ್ತದೆ ಅಲ್ವಾ? ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಟೈಮ್. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಹಾಗಾಗಿ ನಿಜವಾದ ಪ್ರಯಾಣ ಹತ್ತೂವರೆ ಗಂಟೆ. ದೂರ ಸುಮಾರು 8,000 ಕಿ.ಮೀ. ಹೋಗುವಾಗ ಎದುರುಗಾಳಿ, ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ. ವಾಪಸ್ ಬರುವುದು ಸ್ವಲ್ಪ ಬೇಗ ಆಗುವುದು ಅದಕ್ಕೇ.

ನಮ್ಮ ಅಮ್ಮನಿಗೆ ರಾತ್ರಿ 8ಕ್ಕೆ ಬಿಪಿ ಮಾತ್ರೆ. ಆ ಹೊತ್ತಿಗೆ ವಿಮಾನ ಇನ್ನೂ ಆಕಾಶದಲ್ಲೇ ಇರುತ್ತದೆ. ಡಾಕ್ಟರನ್ನು ಮೊದಲೇ ಕೇಳಿ, ಮಾತ್ರೆಯನ್ನು ಕೈಚೀಲದಲ್ಲೇ ಇಟ್ಟೆವು. ಕೈಗಡಿಯಾರವನ್ನು ಇಳಿಯುವ ತನಕ ಬದಲಾಯಿಸಬೇಡ ಅಂತ ಹೇಳಿದೆವು.

ಇನ್ನೊಂದು, ದಯವಿಟ್ಟು ಗಮನಿಸಿ: 15ನೇ ತಾರೀಕು 1.30 ಎ.ಎಂ. ಅಂತ ಇದ್ದರೆ 14ರ ರಾತ್ರಿಯೇ ಏರ್‌ಪೋರ್ಟ್‌ನಲ್ಲಿರಬೇಕು. 15ರ ರಾತ್ರಿ ಹೋದರೆ ವಿಮಾನ ಹೋಗಿ ಆಗಿರುತ್ತದೆ!

ನಮ್ಮ ಕಡೆಯಿಂದ ಸುಮ್ನೆ ಬೆಂಗಳೂರು ಒಳಗೆ ಹೋಗಬೇಡಿ. ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಿ. ದಾರಿಗೆ ಎರಡು ಗಂಟೆ, ಚೆಕ್-ಇನ್‌ಗೆ ಮೂರು ಗಂಟೆ ಇಟ್ಟುಕೊಳ್ಳಿ. ವಯಸ್ಸಾದವರಿಗೆ ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿಬಿಡಿ.